ಕಾಲೇಜು ಸಂಘದ ಸೆಕ್ರೆಟರಿ ಆದಿರಾ? ಮೊದಲು ಬಸ್ಸಿನ ಹೊತ್ತು ತಿಳಿದುಕೊಳ್ಳಿ

ಪ್ರತಿ ವರ್ಷ ಕಾಲೇಜು ಶುರುವಾಗಿ ಸ್ವಲ್ಪ ದಿನಕ್ಕೆ ನನ್ನ ಮೇಜಿನ ಹತ್ತಿರ ಯಾರಾದರೊಬ್ಬರು ಬಂದು ನಿಲ್ಲುತ್ತಾರೆ. "ಟೀಚರ್, ನನ್ನನ್ನು ಸೆಕ್ರೆಟರಿ ಮಾಡಿದ್ದಾರೆ. ಇನ್ನು ಎಂತ ಮಾಡುವುದು?" ಮುಖದಲ್ಲಿ ಅರ್ಧ ಖುಷಿ, ಅರ್ಧ ಹೆದರಿಕೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಾನು ಕಾಸರಗೋಡು ತಾಲೂಕಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಪ್ರೋಗ್ರಾಂ ಆಫೀಸರ್ ಕೆಲಸವನ್ನೂ ಕನ್ನಡ ಸಂಘದ ಉಸ್ತುವಾರಿಯನ್ನೂ ನೋಡಿಕೊಂಡಿದ್ದೇನೆ. ಮಂಜೇಶ್ವರದಿಂದ ಪೆರಿಯದವರೆಗೆ ಯಾವ ಕಾಲೇಜಿನಲ್ಲಿದ್ದರೂ ಇದು ನಿಮಗೆ ಉಪಯೋಗಕ್ಕೆ ಬರಬಹುದು. ಬೆಂಗಳೂರಿನವರು ಓದಿದರೂ ತೊಂದರೆಯಿಲ್ಲ. ಆದರೆ ಬದಿಯಡ್ಕದಲ್ಲಿ ಬಸ್ಸಿಗೆ ಕಾಯುವ ಕಷ್ಟ ಅವರಿಗೆ ಅರ್ಥವಾಗುವುದು ಸ್ವಲ್ಪ ಸಂಶಯವೇ.

ಮೀಟಿಂಗ್ ಕರೆಯುವ ಮೊದಲು

ಹೊಸ ಸೆಕ್ರೆಟರಿಗಳು ಮೊದಲು ಮಾಡುವುದು ವಾಟ್ಸಾಪ್ ಗ್ರೂಪ್. ಆಮೇಲೆ ಲೋಗೊ. ಎರಡೂ ಒಂದು ವಾರ ಕಾಯಲಿ. ಒಂದು ಹಾಳೆ ತೆಗೆದುಕೊಳ್ಳಿ. ಸದಸ್ಯರ ಹೆಸರಿನ ಎದುರು ಅವರು ಯಾವ ಸ್ಟಾಪಿನಲ್ಲಿ ಇಳಿಯುತ್ತಾರೆ, ಕೊನೆಗೆ ಯಾವ ಬಸ್ಸು ಸಿಕ್ಕಿದರೆ ಮನೆ ಮುಟ್ಟುತ್ತಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಬರೆಯಿರಿ. ಫಾರ್ಮ್ ಕಳಿಸಿ ತುಂಬಿಸಬೇಡಿ. ಕ್ಯಾಂಟೀನಿನಲ್ಲಿ, ವರಾಂಡದಲ್ಲಿ ನಿಂತು ಕೇಳಿ. ಹೀಗೆ ಕೇಳುವಾಗಲೇ ಅರ್ಧ ಪರಿಚಯ ಆಗಿಬಿಡುತ್ತದೆ.

ಈ ಹಾಳೆ ಏಕೆ ಬೇಕು ಅಂದರೆ, "ನಮ್ಮ ಮಕ್ಕಳಿಗೆ ಆಸಕ್ತಿಯೇ ಇಲ್ಲ" ಅಂತ ಗೊಣಗುವ ಸೆಕ್ರೆಟರಿಗಳನ್ನು ನಾನು ತುಂಬ ನೋಡಿದ್ದೇನೆ. ವಿಚಾರಿಸಿದರೆ ಅವರು ಮೀಟಿಂಗ್ ಇಟ್ಟಿರುವುದು ತರಗತಿ ಮುಗಿದ ಮೇಲೆ, ನಾಲ್ಕು ಗಂಟೆಗೆ. ಪೆರ್ಲದ ಆಚೆಯಿಂದ ಬರುವ ಹುಡುಗಿ ಆ ಬಸ್ಸು ಬಿಟ್ಟರೆ ಬದಿಯಡ್ಕದಲ್ಲಿ ಇಳಿದು ಇನ್ನೊಂದಕ್ಕೆ ಕಾಯಬೇಕು. ಮಳೆಗಾಲದಲ್ಲಿ ಮನೆ ಮುಟ್ಟುವಾಗ ಕತ್ತಲೆ. ಅಪ್ಪ ಸ್ಟಾಪಿನವರೆಗೆ ಬೈಕ್ ತರಬೇಕು. ಒಂದು ಸಲ ಹೀಗಾದರೆ ಮನೆಯವರು ಸುಮ್ಮನಿರುತ್ತಾರೆ. ಎರಡನೇ ಸಲ "ನಿನಗೆ ಸಂಘ ಗಿಂಘ ಎಲ್ಲ ಬೇಡ" ಅನ್ನುತ್ತಾರೆ. ಇದನ್ನು ಆಸಕ್ತಿ ಇಲ್ಲದ್ದು ಅನ್ನಲಾಗುತ್ತದಾ?

ಹಾಗಾದರೆ ಮಧ್ಯಾಹ್ನ ಊಟದ ಹೊತ್ತಿಗೆ ಇಡಿ. ಬುತ್ತಿ ಬಿಚ್ಚಿಕೊಂಡೇ ಮಾತಾಡಬಹುದು. ಆದರೆ ಶುಕ್ರವಾರ ಬೇಡ. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ ಇರುತ್ತದೆ, ಅದು ಕಂಡ ಕೂಡಲೇ ಎಲ್ಲರೂ ಅಲ್ಲೇ ಮೀಟಿಂಗ್ ಇಡುತ್ತಾರೆ. ಆ ಬಿಡುವು ಇರುವುದು ಜುಮಾ ನಮಾಜಿಗೆ. ನಿಮ್ಮ ಸಂಘದ ಬ್ಯಾರಿ ಹುಡುಗರು, ಮಲಯಾಳಂ ಮನೆಮಾತಿನ ಮುಸ್ಲಿಂ ಹುಡುಗರು ಆ ಹೊತ್ತಿಗೆ ಮಸೀದಿಯಲ್ಲಿರುತ್ತಾರೆ. ನಾಲ್ಕು ಶುಕ್ರವಾರ ಹೀಗೇ ಹೋದರೆ, ಯಾರೂ ಯಾರನ್ನೂ ಹೊರಗೆ ಹಾಕದೆಯೇ ಅವರು ಹೊರಗಿದ್ದಾರೆ. ಮಂಗಳವಾರವೋ ಬುಧವಾರವೋ ಮಾಡಿ. ಮೂವತ್ತು ನಿಮಿಷ ಸಾಕು. ಮೂರು ತೀರ್ಮಾನ, ಮೂರಕ್ಕೂ ಒಬ್ಬೊಬ್ಬರ ಹೆಸರು, ಒಂದೊಂದು ತಾರೀಕು. "ಎಲ್ಲರೂ ಸೇರಿ ನೋಡಿಕೊಳ್ಳೋಣ" ಅಂದ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ.

ಯಾವ ಭಾಷೆಯಲ್ಲಿ ಮಾತಾಡುವುದು

ಕನ್ನಡ ಸಂಘಕ್ಕೆ ಈ ಪ್ರಶ್ನೆ ಕಡಿಮೆ, ಎನ್‌ಎಸ್‌ಎಸ್‌ಗೆ ಜಾಸ್ತಿ. ನೀಲೇಶ್ವರ, ಚೆರುವತ್ತೂರು ಕಡೆಯ ಮಕ್ಕಳಿಗೆ ಕನ್ನಡ ಬರುವುದಿಲ್ಲ. ಎಣ್ಮಕಜೆ, ಬೆಳ್ಳೂರಿನಿಂದ ಕನ್ನಡ ಮೀಡಿಯಂನಲ್ಲಿ ಕಲಿತು ಬಂದವರು ಮಲಯಾಳಂ ಮಾತಾಡಿಯಾರು, ಓದುವಾಗ ತಡವರಿಸುತ್ತಾರೆ. ಸುತ್ತೋಲೆಗಳು ಬರುವುದು ಮಲಯಾಳಂನಲ್ಲಿ. ಗ್ರೂಪಿಗೆ ಅದನ್ನೇ ಹಾಗೆಯೇ ದಾಟಿಸಿದರೆ ಕನ್ನಡದ ಮಕ್ಕಳು ತಂಬ್ಸಪ್ ಒತ್ತಿ ಸುಮ್ಮನಾಗುತ್ತಾರೆ. ಅರ್ಥವಾಗಲಿಲ್ಲ ಅಂತ ಯಾರೂ ಬರೆಯುವುದಿಲ್ಲ, ನಾಚಿಕೆ.

ನಮ್ಮಲ್ಲಿ ಸಾಮಾನ್ಯವಾಗಿ ಇಬ್ಬರು ವಾಲಂಟಿಯರ್ ಸೆಕ್ರೆಟರಿಗಳು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಅವರನ್ನು ಆರಿಸುವಾಗ ಒಬ್ಬರಾದರೂ ಕನ್ನಡದವರಾಗಿರಲಿ ಎಂದು ನಾನು ಹಟ ಹಿಡಿಯುತ್ತೇನೆ. ಪ್ರತಿ ಸೂಚನೆಯೂ ಎರಡು ಭಾಷೆಯಲ್ಲಿ ಒಟ್ಟಿಗೇ ಹೋಗಬೇಕು. ಮಲಯಾಳಂ ಬೆಳಿಗ್ಗೆ, ಕನ್ನಡ ಸಂಜೆ ಅಂತ ಮಾಡಿದರೆ ಒಳ್ಳೆಯ ಕೆಲಸಗಳೆಲ್ಲ ಬೆಳಿಗ್ಗೆಯೇ ಖಾಲಿ. ಮೀಟಿಂಗಿನಲ್ಲಿ ಯಾರಿಗೆ ಯಾವುದು ಬರುತ್ತದೋ ಅದರಲ್ಲಿ ಮಾತಾಡಲಿ, ಪಕ್ಕದಲ್ಲಿರುವವರು ಸಣ್ಣದಾಗಿ ಹೇಳಿಕೊಡಲಿ. ತುಳು ಬಂದರೆ ಬರಲಿ. ಒಂದೇ ಕರಾರು: ಯಾರಾದರೂ ನಕ್ಕರೆ ಎಂತಕ್ಕೆ ನಕ್ಕದ್ದು ಅಂತ ಉಳಿದವರಿಗೂ ಹೇಳಬೇಕು.

ಪಂಚಾಯತಿಗೋ ವಿಲೇಜ್ ಆಫೀಸಿಗೋ ಅರ್ಜಿ ಕೊಡುವಾಗ ಕನ್ನಡದಲ್ಲಿ ಬರೆಯಲು ಹೆದರಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯೇ ಕೊಟ್ಟಿದೆ. ನಾನು ಕನ್ನಡದ ಅರ್ಜಿಯ ಹಿಂದೆ ಒಂದು ಮಲಯಾಳಂ ಪ್ರತಿಯನ್ನೂ ಪಿನ್ ಮಾಡಿಸುತ್ತೇನೆ. ಹಕ್ಕು ಬಿಟ್ಟುಕೊಟ್ಟದ್ದಲ್ಲ. ಎನ್‌ಎಸ್‌ಎಸ್ ಕ್ಯಾಂಪ್ ಡಿಸೆಂಬರಿನಲ್ಲಿ, ಕ್ಲರ್ಕಿಗೆ ವರ್ಗಾವಣೆ ಆಗುವವರೆಗೆ ಕಾಯಲು ಆಗುವುದಿಲ್ಲ, ಅಷ್ಟೆ.

ನವೆಂಬರ್ 1ರ ಬಗ್ಗೆ ಒಂದು ಮಾತು. ಆ ದಿನ ಅತ್ತ ರಾಜ್ಯೋತ್ಸವ, ಇತ್ತ ಕೇರಳ ಪಿರವಿ. 1956ರಲ್ಲಿ ಎರಡೂ ರಾಜ್ಯ ರೂಪುಗೊಂಡದ್ದು ಅದೇ ದಿನ, ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ. ಕಾಲೇಜಿನಲ್ಲಿ ಇರುವುದು ಒಂದೇ ಹಾಲ್. ಕಸವು ಸೀರೆ ಉಟ್ಟವರಿಗೂ ನಮಗೂ ಮೈಕಿಗಾಗಿ ಜಗಳ. ಊರಿನ ಹಿರಿಯರಲ್ಲಿ ಕೆಲವರಿಗೆ ಆ ದಿನ ಹಬ್ಬವೇ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ ಸಂಘದ ಕಾರ್ಯಕ್ರಮವನ್ನು ನವೆಂಬರ್ ಎರಡನೇ ವಾರಕ್ಕೆ ಇಡಿ. ಹಾಲ್ ಸಿಗುತ್ತದೆ, ಮೈಕ್ ಸಿಗುತ್ತದೆ, ಭಾಷಣಕ್ಕೆ ಕರೆದವರೂ ಬಿಡುವಾಗಿರುತ್ತಾರೆ. ಗೋವಿಂದ ಪೈಗಳ ಹುಟ್ಟಿದ ದಿನ ಮಾರ್ಚ್ 23. ಅದು ಪರೀಕ್ಷೆಯ ಸಮಯಕ್ಕೆ ಬರುತ್ತದೆ. ಆ ಹೊತ್ತಿಗೆ ದೊಡ್ಡ ಸಭೆ ಬೇಡ, ಹತ್ತು ಮಂದಿ ಮಂಜೇಶ್ವರದ ಗಿಳಿವಿಂಡಿಗೆ ಹೋಗಿ ಅವರು ಬಾಳಿದ ಮನೆ ನೋಡಿ ಬನ್ನಿ. ಖರ್ಚು ಬಸ್ಸಿನದ್ದು ಮಾತ್ರ.

ಅಮೆರಿಕದವರಿಂದ ತೆಗೆದುಕೊಳ್ಳಬೇಕಾದ್ದು, ಬಿಡಬೇಕಾದ್ದು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಅಲ್ಲಿನ ಕಾಲೇಜುಗಳ ಫ್ರಾಟರ್ನಿಟಿ (ಹುಡುಗರ ಸಂಘ), ಸೊರೋರಿಟಿಗಳ (ಹುಡುಗಿಯರ ಸಂಘ) ಕಥೆ ಫೋನಿನಲ್ಲಿ ಹೇಳುತ್ತಿರುತ್ತಾನೆ. ಸಿನಿಮಾದಲ್ಲಿ ನೋಡಿದ ಪಾರ್ಟಿ ಗಲಾಟೆಯಷ್ಟೇ ನನಗೂ ಗೊತ್ತಿತ್ತು. ಆಮೇಲೆ ಓದಿ ತಿಳಿದುಕೊಂಡೆ. ಗ್ರೀಕ್ ಅಕ್ಷರದ ಹೆಸರಿನ ಈ ಸಂಘಗಳಲ್ಲಿ ಮೊದಲನೆಯದಾದ ಫೈ ಬೀಟಾ ಕಪ್ಪಾ ಶುರುವಾದದ್ದು 1776ರಲ್ಲಿ. ಹುಡುಗಿಯರದ್ದು ಸುಮಾರು ನೂರು ವರ್ಷ ತಡ. 1867ರಲ್ಲಿ ಪೈ ಬೀಟಾ ಫೈ, 1870ರಲ್ಲಿ ಕಪ್ಪಾ ಆಲ್ಫಾ ಥೀಟಾ. ಕಪ್ಪು ಜನಾಂಗದ ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಕಟ್ಟಿದರು. ಹೊವರ್ಡ್ ವಿಶ್ವವಿದ್ಯಾಲಯದ 22 ಹುಡುಗಿಯರು 1913ರ ಜನವರಿಯಲ್ಲಿ ಡೆಲ್ಟಾ ಸಿಗ್ಮಾ ಥೀಟಾ ಶುರು ಮಾಡಿದರು. ಮಾರ್ಚಿನಲ್ಲೇ ವಾಷಿಂಗ್ಟನ್ನಿನ ಬೀದಿಯಲ್ಲಿ ಹೆಂಗಸರ ಮತದಾನದ ಹಕ್ಕಿನ ಮೆರವಣಿಗೆಗೆ ಇಳಿದರು. ಸಂಘ ಹುಟ್ಟಿ ಎರಡು ತಿಂಗಳೂ ಆಗಿರಲಿಲ್ಲ. ನಮ್ಮಲ್ಲಿ ಎರಡು ತಿಂಗಳಲ್ಲಿ ಲೋಗೊ ತೀರ್ಮಾನವಾದರೆ ದೊಡ್ಡದು!

ಸೇವೆಗೆಂದೇ ಇರುವ ಫ್ರಾಟರ್ನಿಟಿಯೂ ಇದೆ. ಆಲ್ಫಾ ಫೈ ಒಮೆಗಾ, 1925ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ ಶುರುವಾದದ್ದು. ಈಗ ಹುಡುಗ ಹುಡುಗಿ ಇಬ್ಬರೂ ಸೇರಬಹುದು. ನಮ್ಮ ಎನ್‌ಎಸ್‌ಎಸ್‌ಗೆ ಹತ್ತಿರದ್ದು ಅದೇ ಅನ್ನಿಸುತ್ತದೆ. ನಮ್ಮದು 1969ರ ಸೆಪ್ಟೆಂಬರ್ 24ಕ್ಕೆ, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ದೊಡ್ಡ ವ್ಯತ್ಯಾಸ ಏನೆಂದರೆ ನಮ್ಮದು ಸರ್ಕಾರದ್ದು, ಅವರದ್ದು ಮಕ್ಕಳೇ ಚಂದಾ ಹಾಕಿ ನಡೆಸುವುದು.

ಅವರಿಂದ ನಾನು ತೆಗೆದುಕೊಂಡದ್ದು ಎರಡು. ಒಂದು, ದುಡ್ಡು ಎತ್ತಿ ಕೊಡುವುದನ್ನೂ ಮೈಮುರಿದು ದುಡಿಯುವುದನ್ನೂ ಅವರು ಬೇರೆ ಬೇರೆ ಲೆಕ್ಕದಲ್ಲಿ ಬರೆಯುತ್ತಾರೆ. ನಾವು ಎರಡನ್ನೂ ಸೇವೆ ಅಂತ ಒಂದೇ ಚೀಲಕ್ಕೆ ತುಂಬುತ್ತೇವೆ. ಬಿರಿಯಾನಿ ಚಾಲೆಂಜ್ ಮಾಡಿ, ಅಂದರೆ ರೋಗಿಯೊಬ್ಬರ ಚಿಕಿತ್ಸೆಗೆ ಬಿರಿಯಾನಿ ಮಾರಿ, ಹಣ ಕೂಡಿಸಿದ ಮಕ್ಕಳು ಒಂದು ದಿನವೂ ಆ ರೋಗಿಯ ಮನೆಗೆ ಹೋಗಿರುವುದಿಲ್ಲ. ಎರಡಕ್ಕೂ ಎರಡು ಪುಸ್ತಕ ಇಟ್ಟುನೋಡಿ, ನಿಮ್ಮ ಸಂಘ ನಿಜವಾಗಿ ಯಾವುದರಲ್ಲಿ ಗಟ್ಟಿ ಅಂತ ಗೊತ್ತಾಗುತ್ತದೆ. ಇನ್ನೊಂದು, ಹಳಬರು ಹೊಸಬರಿಗೆ ಅಧಿಕಾರ ವಹಿಸಿಕೊಡುವುದಕ್ಕೆ ಅವರು ಬೇರೆಯೇ ದಿನ ಇಡುತ್ತಾರೆ. ಅದರ ಬಗ್ಗೆ ಕೊನೆಗೆ ಬರೆಯುತ್ತೇನೆ.

ಬಿಡಬೇಕಾದ್ದು, ಹೊಸದಾಗಿ ಸೇರುವವರನ್ನು ಗೋಳಾಡಿಸುವ ಅಭ್ಯಾಸ. ಅಲ್ಲಿ ಹೇಜಿಂಗ್ ಅನ್ನುತ್ತಾರೆ. ಅದರಿಂದ ಸಾವುಗಳಾಗಿವೆ. ಕಾಲೇಜುಗಳು ಅಂಥ ಪ್ರಕರಣಗಳನ್ನು ಮುಚ್ಚಿಡದೆ ವರದಿ ಮಾಡಬೇಕು ಅಂತ ಅಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 2024ರ ಕೊನೆಯಲ್ಲಿ. ಕೇರಳದಲ್ಲಿ ರ‍್ಯಾಗಿಂಗ್ ನಿಷೇಧ ಕಾಯ್ದೆ 1998ರಿಂದಲೇ ಇದೆ. ಕಾಗದದಲ್ಲಿ ನಾವು ಮುಂದಿದ್ದೇವೆ, ಅಷ್ಟರಿಂದ ಸಮಾಧಾನ ಪಡಬೇಡಿ. "ಸುಮ್ನೆ ತಮಾಷೆಗೆ ಹಾಡಿಸಿದ್ದು ಟೀಚರ್" ಅನ್ನುವ ಮಾತು ಪ್ರತಿ ಜುಲೈಯಲ್ಲೂ ಕೇಳುತ್ತೇನೆ. ನಿಮ್ಮ ಸಂಘದ ಹೆಸರಿನಲ್ಲಿ ಯಾರೂ ಯಾರನ್ನೂ ಎಬ್ಬಿಸಿ ಹಾಡಿಸಬಾರದು. ಹೊಸಬರಿಗೆ ಮೊದಲ ದಿನ ಚಹಾ ಕೊಡಿ, ಎರಡನೇ ದಿನ ಒಂದು ಸಣ್ಣ ಕೆಲಸ ಕೊಡಿ. ಯುಜಿಸಿಯ ರ‍್ಯಾಗಿಂಗ್ ಸಹಾಯವಾಣಿ 1800-180-5522. ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೂ ಬರೆದು ಹಾಕಿ.

ಗ್ರೇಸ್ ಮಾರ್ಕಿಗೆ ಬಂದವರು

ಎನ್‌ಎಸ್‌ಎಸ್‌ನಲ್ಲಿ ದುಡಿದವರಿಗೆ ಸಿಗುವ ಹೆಚ್ಚುವರಿ ಮಾರ್ಕೇ ಗ್ರೇಸ್ ಮಾರ್ಕು. ಇದನ್ನು ದೊಡ್ಡ ದೂರು ಮಾಡಿಕೊಂಡು ಬರುತ್ತಾರೆ. "ಟೀಚರ್, ಅವನು ಮಾರ್ಕಿಗೆ ಮಾತ್ರ ಸೇರಿದ್ದು." ಸೇರಲಿ ಬಿಡಿ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ದುಡಿಯಬೇಕು, ಮೇಲಿಂದ ಏಳು ದಿನದ ಕ್ಯಾಂಪ್. ಇಷ್ಟು ಮಾಡಿದವನು ಮನಸ್ಸಿನಲ್ಲಿ ಎಂತ ಇಟ್ಟುಕೊಂಡಿದ್ದ ಅಂತ ಕೇಳಲು ನಾವು ಯಾರು? ಮಾರ್ಕಿಗೆ ಬಂದವರಿಗೆ ಗುಂಪಿನ ಕೆಲಸ ಕೊಡಬೇಡಿ, ಅವರು ಗುಂಪಿನಲ್ಲಿ ಅಡಗುತ್ತಾರೆ. ಒಂದು ಇಡೀ ಕೆಲಸ ಅವರ ತಲೆಗೇ ಕಟ್ಟಿ. ಪಾತ್ರೆ ಬಾಡಿಗೆಗೆ ತರುವುದು, ಎಣಿಸಿ ವಾಪಸು ಕೊಡುವುದು. ಇಪ್ಪತ್ತು ಸೌಟು ತಂದು ಹತ್ತೊಂಬತ್ತು ವಾಪಸು ಕೊಟ್ಟರೆ ಬಾಡಿಗೆಯವನು ಬೈಯುವುದು ಅವನನ್ನೇ. ಎರಡನೇ ಕ್ಯಾಂಪಿಗೆ ಅಂಥವನೇ ಸ್ಟೋರಿನ ಯಜಮಾನ ಆಗುತ್ತಾನೆ.

ಗಂಟೆಗಳನ್ನು ಆಯಾ ದಿನವೇ ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಿಸಿ. ಮಾರ್ಚಿನಲ್ಲಿ ಕೂತು ನೆನಪಿನಿಂದ ತುಂಬಿಸಲು ಹೊರಟರೆ ಜಗಳ ಖಂಡಿತ.

ಪಕ್ಷ ರಾಜಕೀಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇರಳದ ಕ್ಯಾಂಪಸ್ ಅಂದಮೇಲೆ ಎಸ್‌ಎಫ್‌ಐ, ಕೆಎಸ್‌ಯು, ಎಬಿವಿಪಿ, ಎಂಎಸ್‌ಎಫ್ ಎಲ್ಲ ಇದ್ದದ್ದೇ. ನಿಮಗೆ ಯಾವ ಪಕ್ಷವಾದರೂ ಇರಲಿ. ಕಾಲೇಜು ಯೂನಿಯನ್ನಿನ ಹುದ್ದೆಯನ್ನೂ ಸಂಘದ ಹುದ್ದೆಯನ್ನೂ ಒಬ್ಬರೇ ಹಿಡಿಯಬೇಡಿ. ಚುನಾವಣೆಯ ವಾರ ಸಂಘದ ಯಾವ ಕಾರ್ಯಕ್ರಮವನ್ನೂ ಇಡಬೇಡಿ.

ಹಣ

ಚಂದಾ ಹಣ ಸೆಕ್ರೆಟರಿಯ ಸ್ವಂತ ಗೂಗಲ್ ಪೇಗೆ ಬರುವುದು ಈಗಿನ ಕಾಯಿಲೆ. ಅಮ್ಮನ ಮಾತ್ರೆಗೆ ಹೋದ ಹಣವೂ ಸಂಘದ ಬ್ಯಾನರಿಗೆ ಹೋದ ಹಣವೂ ಒಂದೇ ಪಟ್ಟಿಯಲ್ಲಿ. ಒಬ್ಬರು ಹಣ ಪಡೆಯಲಿ, ಇನ್ನೊಬ್ಬರು ಪುಸ್ತಕದಲ್ಲಿ ಬರೆಯಲಿ, ಇಬ್ಬರೂ ಒಂದೇ ತರಗತಿಯವರಾಗಿರಬಾರದು. ಕಾಲೇಜಿನ ಹೆಸರಿನ ಖಾತೆ ಇದ್ದರೆ ಅದನ್ನೇ ಬಳಸಿ. ಅಡಿಕೆ ಮಂಡಿಯವರ ಹತ್ತಿರ ಹೋದರೆ ರಶೀದಿ ಪುಸ್ತಕ ಹಿಡಿದೇ ಹೋಗಿ. ಅವರು ಲೆಕ್ಕದ ಜನ, ರಶೀದಿ ಹರಿದು ಕೊಟ್ಟರೆ ಮುಂದಿನ ವರ್ಷ ಕೇಳದೆಯೇ ಕೊಡುತ್ತಾರೆ.

ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ಕೊಡಲು ಮುಂದೆ ಬರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರದ್ದು ಹಾಗಲ್ಲ, ಅದಕ್ಕೆ 2010ರ ವಿದೇಶಿ ದೇಣಿಗೆ ಕಾಯ್ದೆ ಬರುತ್ತದೆ. ಅಂಥವರು ಕೊಡುತ್ತೇನೆ ಅಂದರೆ ಧನ್ಯವಾದ ಹೇಳಿ, ಪ್ರಿನ್ಸಿಪಾಲರಿಗೆ ತಿಳಿಸದೆ ಒಂದು ರೂಪಾಯಿಯೂ ತೆಗೆದುಕೊಳ್ಳಬೇಡಿ.

ಡಿಸೆಂಬರ್ ಕ್ಯಾಂಪ್

ಏಳು ದಿನದ ಕ್ಯಾಂಪ್ ಸಾಮಾನ್ಯವಾಗಿ ಕ್ರಿಸ್ಮಸ್ ರಜೆಯಲ್ಲಿ ಬರುತ್ತದೆ. ಮುಂದಾಳುತನ ಯಾರಿಗಿದೆ, ಯಾರಿಗಿಲ್ಲ ಅಂತ ಮೂರನೇ ದಿನ ಬೆಳಿಗ್ಗೆ ಕಕ್ಕಸಿನ ನೀರು ನಿಂತಾಗ ಗೊತ್ತಾಗುತ್ತದೆ.

ತಾರೀಕು ಗೊತ್ತಾದ ಕೂಡಲೇ ನಿಮ್ಮ ಹಾಳೆ ಮತ್ತೆ ತೆಗೆಯಿರಿ. ಬೇಳದ ಕಡೆಯ ಕ್ರಿಶ್ಚಿಯನ್ ಮಕ್ಕಳು 24ರ ರಾತ್ರಿ ಇಗರ್ಜಿಗೆ ಹೋಗಬೇಕು. ಅವರನ್ನು ಕರೆದುಕೊಂಡು ಹೋಗಿ ಬಿಡುವವರು ಯಾರು, ಮರುದಿನ ವಾಪಸು ತರುವವರು ಯಾರು? ಶಬರಿಮಲೆಗೆ ಮಾಲೆ ಹಾಕಿದ ಹುಡುಗರು ಇರುತ್ತಾರೆ, ಮಂಡಲ ಕಾಲ ಮುಗಿಯುವುದು ಡಿಸೆಂಬರ್ ಕೊನೆಗೆ. ಅವರಿಗೆ ಬೆಳಿಗ್ಗೆ ಬೇಗ ಸ್ನಾನ, ಬೇರೆ ಊಟ. ಮನೆಯಲ್ಲಿ ದೈವದ ಕೋಲವೋ ತೆಯ್ಯಮ್ಮೋ ಇದೆ ಅಂತ ಒಬ್ಬರಾದರೂ ಬಂದೇ ಬರುತ್ತಾರೆ. ಇದಕ್ಕೆಲ್ಲ ಆಗುವುದಿಲ್ಲ ಅನ್ನುವುದು ಸುಲಭ. ಮೊದಲೇ ಗೊತ್ತಿದ್ದರೆ ಹೆಚ್ಚಿನದ್ದಕ್ಕೆ ದಾರಿ ಇರುತ್ತದೆ. ಅಡುಗೆಗೆ ಊರಿನ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಸಿಕ್ಕಿದರೆ ಬಿಡಬೇಡಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ. ಮಧ್ಯಾಹ್ನದ ಸಾಂಬಾರು ಎಲ್ಲರಿಗೂ ಒಂದೇ. ಮೀನು ಮಾಡುವುದಾದರೆ ಪಾತ್ರೆಯೂ ಸೌಟೂ ಬೇರೆ ಇರಲಿ, ಅದನ್ನು ಮೊದಲ ದಿನವೇ ಎಲ್ಲರ ಎದುರು ಹೇಳಿ. ತಟ್ಟೆ ಲೋಟ ಮನೆಯಿಂದ ತರಲಿ. ಪೇಪರ್ ಪ್ಲೇಟು, ಫ್ಲೆಕ್ಸ್ ಬ್ಯಾನರು ತಂದರೆ ಪಂಚಾಯತಿಯವರೇ ಬೈಯುತ್ತಾರೆ. ಬಟ್ಟೆಯ ಬ್ಯಾನರ್ ಬರೆಸಿ. ಇಸವಿ ಹಾಕಬೇಡಿ, ಮುಂದಿನ ವರ್ಷಕ್ಕೂ ಆಗುತ್ತದೆ.

ಕೆಲಸ ಯಾವುದು? ನನ್ನನ್ನು ಕೇಳಿದರೆ ಕಟ್ಟ, ಅಂದರೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡವಾಗಿ ಹಾಕುವ ತಾತ್ಕಾಲಿಕ ಒಡ್ಡು. ರಸ್ತೆ ಬದಿಯ ಹುಲ್ಲು ಸವರಿ ಫೋಟೊ ತೆಗೆಸಿಕೊಳ್ಳುವ ಕ್ಯಾಂಪುಗಳು ನನಗೆ ಹಿಡಿಸುವುದಿಲ್ಲ. ಹುಲ್ಲು ಹೇಗೂ ಮತ್ತೆ ಬರುತ್ತದೆ. ಮಳೆ ನಿಂತು ತೋಡಿನ ನೀರು ಇಳಿಯುತ್ತಾ ಬರುವ ಹೊತ್ತೇ ಕಟ್ಟ ಹಾಕಲು ಸರಿ. ನಿಂತ ನೀರು ಎರಡೂ ಬದಿಯ ತೋಟಕ್ಕೆ, ಬಾವಿಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೆ ಇಂಗುತ್ತದೆ. ಏತಡ್ಕದ ಕಡೆಯ ಕೃಷಿಕರು ಇದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಇದರ ಬಗ್ಗೆ ಎಷ್ಟೋ ವರ್ಷಗಳಿಂದ ಬರೆಯುತ್ತಿದ್ದಾರೆ.

ಜಾಗವನ್ನು ನೀವು ಆರಿಸಬೇಡಿ. ಆ ತೋಡಿನ ಬದಿಯ ಹಿರಿಯ ಕೃಷಿಕರೊಬ್ಬರನ್ನು ಹಿಡಿಯಿರಿ, ಎಲ್ಲಿ ನೆಲ ಗಟ್ಟಿ ಅಂತ ಅವರಿಗೆ ಗೊತ್ತು. ಎರಡೂ ದಡದವರ ಒಪ್ಪಿಗೆ ಬೇಕು. ನೀರು ಏರಿ ಒಬ್ಬರ ತೋಟಕ್ಕೆ ನುಗ್ಗಿದರೆ ನಿಮ್ಮ ಸೇವೆ ಪೊಲೀಸ್ ಠಾಣೆಯಲ್ಲಿ ಮುಗಿಯುತ್ತದೆ. ವಾರ್ಡ್ ಮೆಂಬರಿಗೆ ಬಾಯಲ್ಲಿ ಹೇಳಿ, ಪಂಚಾಯತಿಗೆ ಕಾಗದ ಕೊಡಿ. ಸಿಮೆಂಟಿನ ಖಾಲಿ ಚೀಲಗಳನ್ನು ನವೆಂಬರಿನಿಂದಲೇ ಒಟ್ಟು ಮಾಡಿ. ಮರಳನ್ನೋ ಮಣ್ಣನ್ನೋ ಮುಕ್ಕಾಲು ಮಾತ್ರ ತುಂಬಿಸಿ. ಪೂರ್ತಿ ತುಂಬಿದ ಚೀಲ ಉರುಳುತ್ತದೆ, ಒಂದರ ಮೇಲೊಂದು ಕೂರುವುದಿಲ್ಲ. ಗೋಡೆಗೆ ಕಲ್ಲು ಇಟ್ಟ ಹಾಗೆ ಸಂದಿನ ಮೇಲೆ ಸಂದು ಬಾರದಂತೆ ಇಡಬೇಕು. ಎರಡು ಸಾಲು ಚೀಲ, ನಡುವೆ ಜೇಡಿ ಮಣ್ಣು ಹಾಕಿ ಚೆನ್ನಾಗಿ ತುಳಿಯಬೇಕು. ಈ ತುಳಿಯುವ ಕೆಲಸಕ್ಕೆ ಮಾತ್ರ ಯಾರನ್ನೂ ಕರೆಯಬೇಕಾಗಿಲ್ಲ, ಎಲ್ಲರೂ ಓಡಿ ಬರುತ್ತಾರೆ. ಹೆಚ್ಚಾದ ನೀರು ಹರಿದು ಹೋಗಲು ನಡುವೆ ತಗ್ಗು ಬಿಡಿ.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಮಳೆಗಾಲಕ್ಕೆ ಮೊದಲು ಆ ಚೀಲಗಳನ್ನು ತೆಗೆಯಬೇಕು. ಇಲ್ಲದಿದ್ದರೆ ಜೂನಿನ ಮೊದಲ ನೆರೆಗೆ ಅವೆಲ್ಲ ಹೊಳೆಗೆ, ಅಲ್ಲಿಂದ ಸಮುದ್ರಕ್ಕೆ. ಮೇ ತಿಂಗಳಲ್ಲಿ ನಿಮಗೆ ರಜೆ. ಹಾಗಾಗಿ ಕಟ್ಟುವ ದಿನವೇ ತೆಗೆಯುವವರ ಹೆಸರನ್ನೂ ಬರೆದಿಡಿ. ಹತ್ತಿರದ ಐದಾರು ಮಂದಿ ವಾಲಂಟಿಯರ್‌ಗಳು, ಊರಿನ ಇಬ್ಬರು. ಈ ಹೆಸರುಗಳು ಸಿಗದಿದ್ದರೆ ಕಟ್ಟ ಹಾಕಲೇಬೇಡಿ.

ಕೆಸರಿನಲ್ಲಿ ಇಳಿಯುವ ಕೆಲಸ ಆದ್ದರಿಂದ ಇಲಿ ಜ್ವರದ ಭಯ ಉಂಟು. ಕಾಲಿನಲ್ಲಿ ಗಾಯ ಇದ್ದವರು ನೀರಿಗೆ ಇಳಿಯಬಾರದು, ಅವರಿಗೆ ಚೀಲ ಕಟ್ಟುವ ಕೆಲಸ ಕೊಡಿ. ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕೇ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಕೇಳಿ, ನೀವೇ ಅಂಗಡಿಯಿಂದ ತಂದು ಹಂಚಬೇಡಿ. ಕೆಲಸ ಮುಗಿದ ಮೇಲೆ ಹೊಳೆಯಲ್ಲಿ ಈಜುವ ಹಾಗಿಲ್ಲ. ಈಜು ಬರುವುದಿಲ್ಲ ಅನ್ನುವವರು ದಡದಲ್ಲೇ ಇರುತ್ತಾರೆ. ಬರುತ್ತದೆ ಅನ್ನುವವರ ಮೇಲೆ ಕಣ್ಣಿಡಿ. ಹುಡುಗಿಯರು ಮಲಗುವ ಕೋಣೆಯ ಚಿಲಕ, ಕಕ್ಕಸಿನ ಲೈಟು, ಪ್ಯಾಡ್ ಹಾಕಲು ಡಬ್ಬಿ, ಇಷ್ಟನ್ನೂ ಕ್ಯಾಂಪಿಗೆ ಒಂದು ವಾರ ಮೊದಲು ಸೆಕ್ರೆಟರಿ ಹುಡುಗಿಯೇ ಹೋಗಿ ನೋಡಿ ಬರಲಿ. ಶಾಲೆಯವರು "ಎಲ್ಲ ಸರಿ ಉಂಟು" ಅಂದರೂ ಹೋಗಿ ನೋಡಬೇಕು. ಮನೆಯವರ ಒಪ್ಪಿಗೆ ಪತ್ರ ಅವರು ಓದುವ ಭಾಷೆಯಲ್ಲಿರಲಿ. ಅದರಲ್ಲಿ ಅಲರ್ಜಿ, ಮಾತ್ರೆ, ರಕ್ತದ ಗುಂಪು ಬರೆಯಲು ಜಾಗ ಬಿಡಿ. ಆಂಬ್ಯುಲೆನ್ಸಿಗೆ 108, ಆದರೆ ಗುಡ್ಡದ ಒಳಗೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಮೊದಲ ದಿನವೇ ನಡೆದು ನೋಡಿ.

ಮನೆಗಳಿಗೆ ಹೋಗುವಾಗ

ನಮ್ಮ ಜಿಲ್ಲೆಯ ವಾಲಂಟಿಯರ್‌ಗಳು ಒಂದಲ್ಲ ಒಂದು ದಿನ ಎಂಡೋಸಲ್ಫಾನ್ ಸಂತ್ರಸ್ತರ ಮನೆಗೆ ಹೋಗುತ್ತಾರೆ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ ಅದು. ಸುಪ್ರೀಂ ಕೋರ್ಟು ದೇಶದಲ್ಲೇ ಅದಕ್ಕೆ ತಡೆ ಹಾಕಿದ್ದು 2011ರಲ್ಲಿ. ಎಣ್ಮಕಜೆಯ ಸ್ವರ್ಗ, ಪಡ್ರೆ, ವಾಣೀನಗರದ ಹೆಸರು ಪತ್ರಿಕೆಗಳಲ್ಲಿ ಎಷ್ಟು ಬಂದಿದೆಯೆಂದರೆ, ಅಲ್ಲಿನ ಕೆಲವು ಮನೆಯವರಿಗೆ ಕ್ಯಾಮೆರಾ ಕಂಡರೇ ಸಾಕಾಗಿದೆ.

ಹಾಗಾಗಿ ಫೋನು ಚೀಲದಲ್ಲಿರಲಿ. ಫೋಟೊ ಒಂದೂ ಬೇಡ, ವರದಿಗೂ ಬೇಡ. ಆಶಾ ಕಾರ್ಯಕರ್ತೆಯನ್ನೋ ಪಾಲಿಯೇಟಿವ್ ನರ್ಸನ್ನೋ ಕೇಳಿ, ಅವರ ಜೊತೆಯಲ್ಲೇ ಹೋಗಿ. ಇಬ್ಬರು ಸಾಕು, ಹನ್ನೆರಡು ಮಂದಿ ಅಂಗಳ ತುಂಬುವುದು ಬೇಡ. "ಯಾವಾಗಿನಿಂದ ಹೀಗೆ?" ಅಂತ ಕೇಳಬೇಡಿ. ಆ ತಾಯಿ ಅದನ್ನು ಎಷ್ಟು ಜನರಿಗೆ ಹೇಳಿರಬಹುದು, ಯೋಚಿಸಿ. ಕಿಟ್ ಕೊಟ್ಟು ಬರುವುದಕ್ಕಿಂತ, ಎರಡು ಗಂಟೆ ಮಗುವಿನ ಹತ್ತಿರ ಕೂತು "ನೀವು ಪೇಟೆಗೆ ಹೋಗಿ ಬನ್ನಿ ಅಕ್ಕ" ಅಂದರೆ ಅವರಿಗೆ ಅದೇ ದೊಡ್ಡದು. ಎಷ್ಟೋ ಅಮ್ಮಂದಿರಿಗೆ ಬ್ಯಾಂಕಿಗೆ ಹೋಗಲೂ ಬಿಡುವಿಲ್ಲ. ಆದರೆ ಮಗುವಿನ ಹತ್ತಿರ ಕೂರುವುದಕ್ಕೆ ಮೊದಲು ಎರಡು ಮೂರು ಸಲ ಅಮ್ಮನ ಜೊತೆಯಲ್ಲೇ ಕೂತು ಅಭ್ಯಾಸ ಆಗಬೇಕು. ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ನರ್ಸಿನಿಂದ ಕಲಿತಿರಬೇಕು. ತಿಂಗಳಿಗೆ ಒಂದು ಸಲ ಅಂದರೆ ಪ್ರತಿ ತಿಂಗಳೂ ಹೋಗಬೇಕು. ಪರೀಕ್ಷೆ ಬಂದರೆ ಮೊದಲೇ ಫೋನು ಮಾಡಿ ಹೇಳಿ. ಆಗುವುದಿಲ್ಲ ಅನ್ನಿಸಿದರೆ ಶುರು ಮಾಡಬೇಡಿ, ಬಡ್ಸ್ ಶಾಲೆಯ (ಬುದ್ಧಿಮಾಂದ್ಯ ಮಕ್ಕಳ ವಿಶೇಷ ಶಾಲೆ) ವಾರ್ಷಿಕೋತ್ಸವಕ್ಕೆ ಕುರ್ಚಿ ಹಾಕಲು ಹೋಗಿ. ಅದೂ ಕೆಲಸವೇ.

ಹೋಗಿ ಬಂದ ಮಕ್ಕಳಲ್ಲಿ ಕೆಲವರು ಎರಡು ದಿನ ಮಾತೇ ಆಡುವುದಿಲ್ಲ. ಅವರನ್ನು ಗಮ್ಮತ್ತಿಗೆ ಎಳೆಯಬೇಡಿ. ಪಕ್ಕದಲ್ಲಿ ಕೂತು ಚಹಾ ಕುಡಿಯಿರಿ. ಒಂದು ವಾರವಾದರೂ ಹಾಗೇ ಇದ್ದರೆ ನಮ್ಮ ಹತ್ತಿರ ಕರೆದುಕೊಂಡು ಬನ್ನಿ.

ರಕ್ತದಾನದ ಬಗ್ಗೆ ಚುಟುಕಾಗಿ ಹೇಳುವುದಾದರೆ, 18 ತುಂಬಿರಬೇಕು, ಫಸ್ಟ್ ಇಯರಿನ ಎಷ್ಟೋ ಮಕ್ಕಳಿಗೆ 17. ತೂಕ ಕಡಿಮೆಯೆಂದರೆ 45 ಕಿಲೊ, ಹಿಮೋಗ್ಲೋಬಿನ್ 12.5. ಹುಡುಗರು ಮೂರು ತಿಂಗಳಿಗೊಮ್ಮೆ, ಹುಡುಗಿಯರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹಿಮೋಗ್ಲೋಬಿನ್ ಕಡಿಮೆ ಬಂದು ವಾಪಸು ಕಳಿಸಿದ ಹುಡುಗಿಯರನ್ನು ಯಾರೂ ಗೇಲಿ ಮಾಡಬಾರದು. ಆ ಪಟ್ಟಿಯನ್ನು ಗ್ರೂಪಿಗಂತೂ ಹಾಕಲೇಬಾರದು.

ವಹಿಸಿಕೊಡುವುದು

ಹೆಚ್ಚಿನ ಸಂಘಗಳು ಸಾಯುವುದು ಏಪ್ರಿಲಿನಲ್ಲಿ. ಒಳ್ಳೆಯ ಸೆಕ್ರೆಟರಿ ಪರೀಕ್ಷೆ ಬರೆದು ಮಂಗಳೂರಿಗೋ ಎರ್ನಾಕುಲಂಗೋ ಹೋಗುತ್ತಾಳೆ. ಅಡುಗೆಯವರ ನಂಬರು ಅವಳ ಫೋನಿನಲ್ಲಿ, ಬ್ಯಾನರ್ ಅವಳ ಮನೆಯ ಅಟ್ಟದಲ್ಲಿ.

ಫೆಬ್ರವರಿಯಲ್ಲೇ ಮುಂದಿನವರನ್ನು ಗೊತ್ತು ಮಾಡಿ, ಒಂದು ಶನಿವಾರ ಅವರಿಗಾಗಿಯೇ ಇಡಿ. ಒಂದು ದಪ್ಪ ನೋಟ್‌ಬುಕ್ ಬೇಕು, ಗೂಗಲ್ ಡ್ರೈವ್ ಸಾಲದು, ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಅದರಲ್ಲಿ ಪಾತ್ರೆಯವರು, ಮೈಕಿನವರು, ಜೀಪಿನವರು, ಅಡುಗೆಯವರ ನಂಬರು. ಯಾವ ಶಾಲೆಯ ಹೆಡ್‌ಮಾಷ್ಟ್ರಿಗೆ ಎಷ್ಟು ದಿನ ಮೊದಲು ಕಾಗದ ಕೊಡಬೇಕು. ಯಾವ ಬಾವಿಯ ನೀರು ಮಾರ್ಚಿನಲ್ಲಿ ಬತ್ತುತ್ತದೆ. ಯಾವ ಮನೆಗೆ ಎಷ್ಟನೇ ಭಾನುವಾರ ಹೋಗುವುದು. ಯಾರು ಚಂದಾ ಕೊಟ್ಟರು, ಯಾರ ಹತ್ತಿರ ಇನ್ನು ಕೇಳಬಾರದು. ಮೇ ತಿಂಗಳಲ್ಲಿ ಕಟ್ಟ ತೆಗೆಯುವವರ ಹೆಸರು.

ಪುಸ್ತಕ ಕೊಟ್ಟರೆ ಮುಗಿಯಲಿಲ್ಲ. ಹೊಸಬರನ್ನು ಆ ಅಂಗಡಿಗಳಿಗೂ ಮನೆಗಳಿಗೂ ಒಂದು ಸಲ ಕರೆದುಕೊಂಡು ಹೋಗಿ. "ಇನ್ನು ಇವಳು ಬರ್ತಾಳೆ ಚಿಕ್ಕಮ್ಮ, ನನಗೆ ಕೊಟ್ಟ ಹಾಗೇ ಇವಳಿಗೂ ಬೈಗುಳ ಕೊಡಿ" ಅಂತ ಹೇಳಿ ಬನ್ನಿ. ನಮ್ಮ ಊರಿನಲ್ಲಿ ಕೆಲಸ ಆಗುವುದು ಮುಖ ಪರಿಚಯದಿಂದ. ಹಣದ ಪುಸ್ತಕವನ್ನು ಹಳೆಯ ಖಜಾಂಚಿ, ಹೊಸ ಖಜಾಂಚಿ, ಒಬ್ಬ ಅಧ್ಯಾಪಕರು ಮೂವರೂ ಕೂತು ಕೂಡಿ, ಉಳಿದ ಹಣ ಎಣಿಸಿ ಸಹಿ ಹಾಕಲಿ. ಸೀಲು, ರಶೀದಿ ಪುಸ್ತಕ, ಕಪಾಟಿನ ಬೀಗದ ಕೈ ಆ ಮೇಜಿನ ಮೇಲೇ ಕೈ ಬದಲಾಗಲಿ.

ಆಮೇಲೆ ಗ್ರೂಪಿನ ಅಡ್ಮಿನ್ ಹೊಸಬರಿಗೆ ಕೊಟ್ಟು ಹೊರಗೆ ಬನ್ನಿ. ಅವರ ಮೊದಲ ಮೀಟಿಂಗಿಗೆ ಹೋಗಬೇಡಿ. ಅಲ್ಲಿ ನೀವು ಕೂತಿದ್ದರೆ ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಾರೆ. ಫೋನು ಬಂದರೆ ಎತ್ತಿ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಡಿಸೆಂಬರ್ ಕ್ಯಾಂಪಿಗೆ ಕರೆದರೆ ಒಂದು ದಿನ ಬನ್ನಿ, ಬರುವಾಗ ತಟ್ಟೆ ಲೋಟ ಮನೆಯಿಂದಲೇ ತನ್ನಿ.